ಕುದುರೆಮುಖ: ಒಂದು ಗುಡ್ಡ, ಐದು ವಿಭಾಗ

ಇದು ನಮ್ಮ ಭೂವಿಜ್ಞಾನ ವಿಭಾಗದವರ ಚಾರಣ ಆಗಬೇಕಿತ್ತು. ಆದರೆ ದಸರಾ ರಜೆ ಹತ್ತಿರ ಬಂದ ಹಾಗೆ ಅರ್ಧ ಕ್ಲಾಸು ಊರಿಗೆ ಹೊರಟಿತು. ಟೆಂಪೋ ಟ್ರಾವೆಲರ್‌ಗೆ ಮುಂಗಡ ಕೊಟ್ಟಾಗಿತ್ತು. ಖಾಲಿ ಸೀಟುಗಳಿಗೆ ಹಾಸ್ಟೆಲ್ಲಿನಲ್ಲಿ ಸಿಕ್ಕಿದವರನ್ನೆಲ್ಲ ಕೇಳಿದೆವು. ಬಯೋಸೈನ್ಸಿನ ಹುಡುಗಿಯರು ಬಂದರು, ಕನ್ನಡ ಎಂ.ಎ.ಯವರು ಬಂದರು, ಕಾಮರ್ಸಿನವರು ಬಂದರು, ಭೌತಶಾಸ್ತ್ರದಿಂದ ಒಬ್ಬನೇ ಒಬ್ಬ ಬಂದ. ಜೊತೆಗೆ ನಮ್ಮ ಮೇಡಂ. ಮಂಗಳೂರು ವಿಶ್ವವಿದ್ಯಾಲಯದ ಕೊಣಾಜೆ ಕ್ಯಾಂಪಸ್ಸಿನಲ್ಲಿ ಒಂದೇ ಕ್ಯಾಂಟೀನಿನಲ್ಲಿ ಟೀ ಕುಡಿದರೂ ಒಬ್ಬರ ಮುಖ ಒಬ್ಬರಿಗೆ ಗೊತ್ತಿರಲಿಲ್ಲ.

ಕುದುರೆಮುಖ ಸುಮ್ನೆ ಹೋಗಿ ಹತ್ತುವ ಗುಡ್ಡ ಅಲ್ಲ. ರಾಷ್ಟ್ರೀಯ ಉದ್ಯಾನದ ಒಳಗಿದೆ. ಅರಣ್ಯ ಇಲಾಖೆಯ ವೆಬ್‌ಸೈಟಿನಲ್ಲಿ ಮೊದಲೇ ಬುಕ್ ಮಾಡಬೇಕು, ದಿನಕ್ಕೆ ಇಷ್ಟೇ ಜನ ಅಂತ ಮಿತಿ ಇದೆ. ಪ್ರತಿಯೊಬ್ಬರ ಹೆಸರು, ಗುರುತಿನ ಚೀಟಿಯ ವಿವರ ಕೊಡಬೇಕು. ಗೈಡ್ ಇಲ್ಲದೆ ಬಿಡುವುದಿಲ್ಲ, ರಾತ್ರಿ ಟೆಂಟ್ ಹಾಕುವ ಹಾಗಿಲ್ಲ. ಹಾಗಾಗಿ ಹೆಸರುಗಳು ಪಕ್ಕಾ ಆಗುವವರೆಗೆ ನಮ್ಮ ವಾಟ್ಸಾಪ್ ಗುಂಪಿನಲ್ಲಿ ದಿನಾ ಜಗಳ. "ನಾನು ಬಂದರೂ ಬರಬಹುದು" ಎನ್ನುವವರನ್ನು ಕೊನೆಗೆ ಬಿಟ್ಟೇ ಬಿಟ್ಟೆವು. ಗುಂಪು ಕಟ್ಟುವವರಿಗೆ ನನ್ನ ಸಲಹೆ ಅದೇ: ಅನುಮಾನ ಇದ್ದವರನ್ನು ಕಾಯಬೇಡಿ.

ಎರಡು ವಾರ ಮೊದಲು ಬೆಳ್ತಂಗಡಿ ಹತ್ತಿರದ ಗಡಾಯಿಕಲ್ಲು ಹತ್ತಿ ಬಂದಿದ್ದೆವು. ಟಿಪ್ಪು ಕಟ್ಟಿಸಿದ ಜಮಲಾಬಾದ್ ಕೋಟೆ ಅದು. 1,800ಕ್ಕೂ ಜಾಸ್ತಿ ಕಲ್ಲಿನ ಮೆಟ್ಟಿಲು. ಅದನ್ನು ಹತ್ತಿ ಇಳಿದ ಮಾರನೇ ದಿನ ಯಾರಿಗೆ ಮೊಣಕಾಲು ಬಾತಿದೆ, ಯಾರು ನೀರನ್ನೇ ತಂದಿರಲಿಲ್ಲ, ಯಾರ ಶೂ ಕಾಲಿಗೆ ಕಚ್ಚಿದೆ ಎಲ್ಲ ಗೊತ್ತಾಗಿಬಿಟ್ಟಿತು. ದೊಡ್ಡ ಗುಡ್ಡಕ್ಕೆ ಮೊದಲು ಒಂದು ಸಣ್ಣ ಗುಡ್ಡ ಹತ್ತಿಸಿ ನೋಡುವುದು ಒಳ್ಳೆಯದು.

ಶುಕ್ರವಾರ

ಬೆಳಗ್ಗೆ ಏಳಕ್ಕೆ ಹೊರಡುವುದು ಎಂದಿದ್ದೆವು, ಎಂಟಕ್ಕೆ ಹೊರಟೆವು. ಮೂಡುಬಿದಿರೆ, ಕಾರ್ಕಳ, ಬಜಗೋಳಿ. ಬಜಗೋಳಿ ದಾಟಿದ ಮೇಲೆ ಮಾಳದ ಚೆಕ್‌ಪೋಸ್ಟಿನಲ್ಲಿ ಗಾಡಿ ನಿಲ್ಲಿಸಿ ಸಮಯ ಬರೆದ ಚೀಟಿ ಕೊಟ್ಟರು. ಆ ಕಡೆಯ ಗೇಟಿಗೆ ಇಷ್ಟು ಹೊತ್ತಿನೊಳಗೆ ಮುಟ್ಟಬೇಕು, ದಾರಿಯಲ್ಲಿ ನಿಲ್ಲಿಸಿ ಪಾರ್ಟಿ ಮಾಡುವ ಹಾಗಿಲ್ಲ. ಒಳ್ಳೆಯ ಕ್ರಮ. ಆದರೆ ನಮ್ಮ ಗಾಡಿಯಲ್ಲಿ ಮೂವರಿಗೆ ಘಾಟಿಯ ತಿರುವಿನಲ್ಲಿ ವಾಂತಿ ಶುರುವಾಯಿತು. ನಿಲ್ಲಿಸದೆ ಉಪಾಯವಿರಲಿಲ್ಲ. ನಿಂಬೆಹುಳಿ, ಶುಂಠಿ ಮಿಠಾಯಿ, ಮೇಡಂ ಬ್ಯಾಗಿನ ಮಾತ್ರೆ, ಎಲ್ಲ ಖರ್ಚಾಯಿತು.

ಘಾಟಿ ಹತ್ತಿದ ಮೇಲೆ ಎಸ್.ಕೆ. ಬಾರ್ಡರ್. ಸೌತ್ ಕೆನರಾ ಜಿಲ್ಲೆ ಹೋಗಿ ದಕ್ಷಿಣ ಕನ್ನಡ ಆಯಿತು, ಅದರಿಂದ ಒಡೆದು ಉಡುಪಿಯೂ ಆಯಿತು. ಈ ತಿರುವಿಗೆ ಮಾತ್ರ ಹಳೆಯ ಹೆಸರೇ ಉಳಿದಿದೆ. ಇಲ್ಲಿಂದ ಮುಂದೆ ಗಾಳಿಯೇ ಬೇರೆ. ಕಾಡು ಒಮ್ಮೆಲೇ ಮುಗಿದು ಹುಲ್ಲಿನ ಗುಡ್ಡಗಳು ಶುರುವಾಗುತ್ತವೆ.

ಕಾಮರ್ಸ್ ಓದುವ ವಿಜಯಪುರದ ಹುಡುಗ ಕಿಟಕಿಗೆ ಹಣೆ ಅಂಟಿಸಿ ಕೂತಿದ್ದ. "ಗುಡ್ಡ ಅಂದ್ರ ನಮ್ಮ ಕಡೆ ಬರೇ ಕಲ್ಲು. ಇಲ್ಲಿ ನೋಡಿದ್ರ ಗುಡ್ಡದ ಮ್ಯಾಲೂ ಹೊಲ ಮಾಡ್ಯಾರೇನು?" ಎಂದ. ಅವನಿಗೆ ಅದು ಬಿತ್ತಿದ ಬೆಳೆಯೆಂದೇ ಕಂಡಿತ್ತು. ಕನ್ನಡ ಎಂ.ಎ. ಗೆಳೆಯ, "ಇಲ್ಲ ಮಾರಾಯ, ಕಾಡು ಕಡಿದು ಹೀಗಾದದ್ದು" ಎಂದ. ಹಿಂದಿನ ಸೀಟಿನಿಂದ ಬಯೋಸೈನ್ಸಿನವಳಿಗೆ ಅದು ಕೇಳಿಸಿತು. ಅಷ್ಟೇ ಸಾಕಾಯಿತು.

ಅವಳು ಹೇಳಿದ್ದನ್ನು ಚಿಕ್ಕದಾಗಿ ಹೇಳುತ್ತೇನೆ. ಇಲ್ಲಿ ಹುಲ್ಲೂ ಶೋಲಾ ಕಾಡೂ ಒಟ್ಟಿಗೇ ಇರುತ್ತವೆ. ಗುಡ್ಡದ ಮಡಿಲಲ್ಲಿ, ನೀರು ಹರಿಯುವ ಕಡೆ ಮಣ್ಣು ಆಳವಾಗಿದೆ, ಗಾಳಿಯ ಹೊಡೆತ ಕಡಿಮೆ. ಅಲ್ಲಿ ಮರ. ಬೋಳು ನೆತ್ತಿಯಲ್ಲಿ ಮಣ್ಣು ತೆಳು, ಗಾಳಿ ಜಾಸ್ತಿ, ಬೇಸಿಗೆಯಲ್ಲಿ ಬೆಂಕಿಯ ಭಯ. ಅಲ್ಲಿ ಹುಲ್ಲು. ಮಳೆಗಾಲದ ನೀರನ್ನು ಈ ಹುಲ್ಲು, ಅದರ ಬೇರು, ಕೆಳಗಿನ ಮಣ್ಣು ಹಿಡಿದಿಟ್ಟು ನಿಧಾನಕ್ಕೆ ಬಿಡುತ್ತವೆ. ತುಂಗೆ, ಭದ್ರೆ, ನೇತ್ರಾವತಿ ಮೂರೂ ಹುಟ್ಟುವ ಗಂಗಾಮೂಲ ಇದೇ ಗುಡ್ಡಸಾಲಿನಲ್ಲಿದೆ. "ಖಾಲಿ ಜಾಗ ಅಂತ ಇಲ್ಲಿ ಅಕೇಶಿಯಾ ನೆಟ್ಟರೆ ಮುಗೀತು" ಎಂದಳು. ಕನ್ನಡದವನು ಮರುಮಾತಾಡಲಿಲ್ಲ.

ಕಡಾಂಬಿ ಜಲಪಾತ ರಸ್ತೆ ಬದಿಗೇ ಇದೆ. ಕಿಟಕಿಯಿಂದಲೇ ಫೋಟೋ ತೆಗೆದೆವು. ಹನುಮನಗುಂಡಿಗೆ ಮೆಟ್ಟಿಲು ಇಳಿಯಬೇಕು. ಚೀಟಿಯ ಸಮಯ ನೋಡಿ ಅದನ್ನು ಬಿಟ್ಟೆವು.

ಕುದುರೆಮುಖ ಪಟ್ಟಣ ಬಂದಾಗ ನನ್ನ ಸರದಿ. ಭೂವಿಜ್ಞಾನದವರಿಗೆ ಇದು ಪಾಠದಲ್ಲಿ ಓದಿದ ಊರು. ಇಲ್ಲಿನ ಅದಿರು ಮ್ಯಾಗ್ನೆಟೈಟ್, ಅಂದರೆ ಅಯಸ್ಕಾಂತಕ್ಕೆ ಅಂಟುವ ಕಬ್ಬಿಣದ ಅದಿರು. ಕಬ್ಬಿಣದ ಅಂಶ ಕಡಿಮೆ ಇರುವುದರಿಂದ ಕಲ್ಲನ್ನು ಹಿಟ್ಟು ಮಾಡಿ, ಕಬ್ಬಿಣದ ಪುಡಿಯನ್ನು ಬೇರೆ ಮಾಡಬೇಕಿತ್ತು. 1976ರಲ್ಲಿ ಕೇಂದ್ರ ಸರ್ಕಾರ ಇದಕ್ಕೆಂದೇ ಕಂಪನಿ ಮಾಡಿತು. ಇರಾನಿಗೆ ಅದಿರು ಕಳಿಸುವ ಒಪ್ಪಂದದ ಮೇಲೆ ಕೆಲಸ ಶುರುವಾಯಿತು. 1979ರಲ್ಲಿ ಅಲ್ಲಿ ಕ್ರಾಂತಿಯಾಗಿ ಗಿರಾಕಿಯೇ ಕೈಬಿಟ್ಟ. ಆಮೇಲೆ ಬೇರೆ ದೇಶಗಳಿಗೆ ಮಾರಿದರು. ಅದಿರಿನ ಪುಡಿಯನ್ನು ನೀರಿನ ಜೊತೆ ಕಲಸಿ 67 ಕಿಲೋಮೀಟರ್ ಪೈಪಿನಲ್ಲಿ ಮಂಗಳೂರಿನ ಬಂದರು ಇರುವ ಪಣಂಬೂರಿಗೆ ಇಳಿಸುತ್ತಿದ್ದರು. ಉಳಿದ ರಾಡಿಗೆ ಲಕ್ಯಾ ಅಣೆಕಟ್ಟು. ಭದ್ರೆ ಕೆಂಪಾಗುತ್ತಿದೆ, ಕಾಡು ಹಾಳಾಗುತ್ತಿದೆ ಎಂದು ಹೋರಾಟ ನಡೆಯಿತು. ಸುಪ್ರೀಂ ಕೋರ್ಟಿನ ಆದೇಶದ ಪ್ರಕಾರ 2005ರ ಕೊನೆಗೆ ಗಣಿಗಾರಿಕೆ ನಿಂತಿತು.

ಸಾಲು ಸಾಲು ಕ್ವಾರ್ಟರ್ಸು, ಬಾಗಿಲು ಹಾಕಿದವು ಜಾಸ್ತಿ. "ಇಷ್ಟು ಬಂಡವಾಳ ಹಾಕಿ ಬಿಟ್ಟು ಹೋದರಾ?" ಎಂದು ಕಾಮರ್ಸಿನವರು ಲೆಕ್ಕಕ್ಕೆ ಕೂತರು. ಒಬ್ಬಳು ಮಾತ್ರ, "ನನ್ನ ಚಿಕ್ಕಪ್ಪ ಇಲ್ಲಿನ ಶಾಲೆಯಲ್ಲಿ ಓದಿದ್ದು. ಅವರಿಗೆ ಈಗಲೂ ಇದೇ ಊರು" ಎಂದಳು. ಗಣಿ ನಿಂತದ್ದು ಸರಿ ಎಂದೇ ನಾನು ನಂಬಿರುವುದು. ಆದರೂ ಅವಳ ಮಾತಿಗೆ ಏನು ಹೇಳಬೇಕೆಂದು ತಿಳಿಯಲಿಲ್ಲ.

ಮಧ್ಯಾಹ್ನ ಸಂಸೆ. ಟೀ ತೋಟದ ಪಕ್ಕದ ದಾರಿ ಹಿಡಿದು ಒಳಗೆ ಹೋದರೆ ಹೋಂಸ್ಟೇ. ಮನೆಯ ಅಕ್ಕ ಬಾಳೆಲೆ ಹಾಕಿ ಅನ್ನ, ಸೌತೆಕಾಯಿ ಹುಳಿ, ಕಳಲೆ ಪಲ್ಯ ಬಡಿಸಿದರು. "ರಾತ್ರಿ ಊಟಕ್ಕೆ ಏಳೂವರೆಗೇ ಬನ್ನಿ ಮಕ್ಳೇ, ಆಮೇಲೆ ಕರೆಂಟು ಇರ್ತದೋ ಇಲ್ವೋ" ಎಂದರು. ಕರೆಂಟು ಏಳಕ್ಕೇ ಹೋಯಿತು.

ಸಂಜೆ ಮನೆ ಹಿಂದಿನ ಹಳ್ಳಕ್ಕೆ ಇಳಿದೆವು. ನನ್ನ ಹತ್ತಿರ ಹಳೆಯ ಸ್ಪೀಕರಿನಿಂದ ಬಿಚ್ಚಿದ ಅಯಸ್ಕಾಂತ ಇತ್ತು. ಅದನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ದಡದ ಮರಳಿನಲ್ಲಿ ಆಡಿಸಿದೆ. ಹೊರಗೆ ತೆಗೆದಾಗ ಕಪ್ಪು ಪುಡಿ ಗಡ್ಡ ಬೆಳೆದ ಹಾಗೆ ಅಂಟಿತ್ತು. ಅಷ್ಟು ಹೊತ್ತು ಗಣಿಯ ಕತೆಗೆ ಆಕಳಿಸುತ್ತಿದ್ದವರೆಲ್ಲ ಓಡಿ ಬಂದರು. ಭೌತಶಾಸ್ತ್ರದವನು ಅಯಸ್ಕಾಂತ ಕಸಿದುಕೊಂಡ, ಕತ್ತಲಾಗುವ ತನಕ ಕೊಡಲಿಲ್ಲ. ಪುಡಿಯನ್ನು ಹಳ್ಳಕ್ಕೇ ಉದುರಿಸಿ ಬಂದೆವು.

ಶನಿವಾರ

ಬೆಳಗ್ಗೆ ಐದಕ್ಕೆ ಎಬ್ಬಿಸಿದ್ದು ಸಿಳ್ಳಾರ ಹಕ್ಕಿ. ಹಾಡು ಮರೆತು ಮತ್ತೆ ಮತ್ತೆ ಶುರು ಮಾಡುವ ಹುಡುಗನ ಸಿಳ್ಳೆಯಂಥ ದನಿ. ಕಡುಬು, ಕಾಯಿ ಚಟ್ನಿ ತಿಂದು, ಬುತ್ತಿ ಕಟ್ಟಿಸಿಕೊಂಡು ಹೊರಟೆವು. ಬಾಳೆಗಲ್ಲಿನಿಂದ ಮುಳ್ಳೋಡಿಗೆ ಜೀಪು. ಟೆಂಪೋ ಹೋಗುವ ರಸ್ತೆ ಅಲ್ಲ ಅದು. ಜೀಪಿನಲ್ಲಿ ನಿಂತವರು, ಕೂತವರು, ಹಿಂದೆ ಜೋತವರು ಎಲ್ಲರೂ ಒಂದೇ ಸಮ ಕುಲುಕಿದರು. ಮುಳ್ಳೋಡಿಯಲ್ಲಿ ಇಳಿದಾಗ ತಿಂದ ಕಡುಬು ಪೂರ್ತಿ ಜೀರ್ಣವಾಗಿತ್ತು.

ಚೆಕ್‌ಪೋಸ್ಟಿನಲ್ಲಿ ಹೆಸರು, ಗುರುತಿನ ಚೀಟಿ, ಬ್ಯಾಗು ಎಲ್ಲ ನೋಡಿದರು. ಕಾಮರ್ಸಿನವನೊಬ್ಬ ಬ್ಲೂಟೂತ್ ಸ್ಪೀಕರ್ ತಂದಿದ್ದ. ಮೇಡಂ ಅದನ್ನು ಇಸ್ಕೊಂಡು ಜೀಪಿನ ಡ್ರೈವರ್ ಕೈಗೆ ಕೊಟ್ಟುಬಿಟ್ಟರು. ಅವನ ಮುಖ ಸಣ್ಣದಾಯಿತು. ನನಗಂತೂ ಸಮಾಧಾನವಾಯಿತು. ಗುಡ್ಡದ ಮೇಲೆ ಪಾಟ್ ಪಾಟ್ ಎನ್ನುವ ಡಿಜೆ ಹಾಡು ಕೇಳುವುದಕ್ಕಿಂತ ಮನೆಯಲ್ಲಿ ಮಲಗುವುದು ವಾಸಿ.

ಹೋಗಿ ಬರಲು ಸುಮಾರು 20 ಕಿಲೋಮೀಟರ್. ಸಂಜೆಯೊಳಗೆ ಎಲ್ಲರೂ ಕೆಳಗಿರಬೇಕು. ಗೈಡ್ ಅಣ್ಣ ಮುಂದೆ, ನಾನು ಕೊನೆಗೆ. ಅವರು ಕೊಟ್ಟ ಸೂಚನೆ ಎರಡೇ: "ನನ್ನ ದಾಟಿ ಮುಂದೆ ಹೋಗ್ಬೇಡಿ. ಕೂರೋದಾದ್ರೆ ಕಲ್ಲಿನ ಮೇಲೆ ಕೂರಿ, ಹುಲ್ಲಿನ ಮೇಲೆ ಬೇಡ."

ಎರಡನೆಯ ಸೂಚನೆಯ ಅರ್ಥ ಮೊದಲ ಕಾಡಿನಲ್ಲೇ ಆಯಿತು. ಉಂಬಳ, ಅಂದರೆ ರಕ್ತ ಹೀರುವ ಜಿಗಣೆ! ಮಳೆಗಾಲ ಮುಗಿಯುತ್ತ ಬಂದಿದ್ದರೂ ನೆಲ ಒದ್ದೆ ಇತ್ತು. ಎಲೆಯ ತುದಿಯಲ್ಲಿ ನಿಂತು ತಲೆ ಆಡಿಸುತ್ತಿದ್ದವು. ನಾವು ಒಬ್ಬೊಬ್ಬರು ಒಂದೊಂದು ಮದ್ದು ತಂದಿದ್ದೆವು. ಒಬ್ಬಳು ಡೆಟ್ಟಾಲ್, ಒಬ್ಬ ಉಪ್ಪು, ಒಬ್ಬ ಮಂಡಿ ತನಕ ಕೊಬ್ಬರಿ ಎಣ್ಣೆ. ಗೈಡ್ ಅಣ್ಣ ಕೋಲಿನ ತುದಿಗೆ ಹೊಗೆಸೊಪ್ಪು, ಸುಣ್ಣ ಬಟ್ಟೆಯಲ್ಲಿ ಕಟ್ಟಿಕೊಂಡಿದ್ದರು. ಅದನ್ನು ಮುಟ್ಟಿಸಿದರೆ ಸಾಕು, ಉದುರುತ್ತಿತ್ತು. ವಿಜಯಪುರದವನ ಕಾಲಿನಲ್ಲಿ ಒಂದು ಕುಡಿದು ದಪ್ಪಗಾಗಿತ್ತು. ನೋವೇ ಆಗಿರಲಿಲ್ಲ, ರಕ್ತ ನೋಡಿದ ಮೇಲೆ ಕೂಗಿದ. ಬಯೋಸೈನ್ಸಿನವಳು ಅದು ರಕ್ತ ಹೆಪ್ಪುಗಟ್ಟದ ಹಾಗೆ ಏನೋ ಬಿಡುತ್ತದೆ, ಅದಕ್ಕೇ ಹರಿಯುತ್ತಾ ಇರುತ್ತದೆ ಎಂದು ವಿವರಿಸತೊಡಗಿದಳು. "ಅಕ್ಕಾರ, ಮೊದ್ಲ ಅದನ್ನ ತೆಗೀರಿ, ಆಮ್ಯಾಲ ಪಾಠ ಮಾಡ್ರಿ" ಎಂದ ಅವನು.

ಹಳ್ಳಗಳು ಒಂದಾದ ಮೇಲೊಂದು. ಸೋಮಾವತಿಯನ್ನು ದಾಟುವಾಗ ನೀರು ಮೊಣಕಾಲಿಗೆ ಕಡಿಮೆ ಇತ್ತು. ಕೈ ಕೈ ಹಿಡಿದು ದಾಟಿದೆವು. ಹಿಂದಿನ ದಿನದ ತನಕ ಗಾಡಿಯಲ್ಲಿ ತಮ್ಮ ತಮ್ಮ ವಿಭಾಗದವರ ಪಕ್ಕವೇ ಕೂತಿದ್ದವರು ಇಲ್ಲಿ ಸಿಕ್ಕಿದ ಕೈ ಹಿಡಿದರು. ಅಲ್ಲಿಂದ ಮುಂದೆ ಸಾಲು ಕಲಸುಮೇಲೋಗರವಾಯಿತು, ಮತ್ತೆ ಮೊದಲಿನಂತಾಗಲೇ ಇಲ್ಲ.

ಒಂಟಿಮರದ ಹತ್ತಿರ ಮೊದಲ ದೊಡ್ಡ ವಿಶ್ರಾಂತಿ. ಸುತ್ತ ಹುಲ್ಲು, ನಡುವೆ ಒಂದು ಮರ. ವಿಜಯಪುರದವನು ಬ್ಯಾಗಿನಿಂದ ಖಡಕ್ ರೊಟ್ಟಿ, ಶೇಂಗಾ ಹಿಂಡಿ ತೆಗೆದ. ಅವ್ವ ಕಳಿಸಿದ್ದಂತೆ. ಬೆಟ್ಟಕ್ಕೆ ಇದಕ್ಕಿಂತ ಒಳ್ಳೆಯ ಬುತ್ತಿ ನಾನು ನೋಡಿಲ್ಲ. ಹಗುರ, ಹಳಸುವುದಿಲ್ಲ, ಕೈ ತೊಳೆಯದಿದ್ದರೂ ನಡೆಯುತ್ತದೆ. ಕರಾವಳಿಯವರು ಮೊದಲು ಅನುಮಾನದಿಂದ ಮುರಿದರು, ಆಮೇಲೆ ಡಬ್ಬಿ ಖಾಲಿ ಮಾಡಿದರು. ಹೋಂಸ್ಟೇಯ ಪಲಾವ್ ಮಧ್ಯಾಹ್ನದ ತನಕ ಯಾರಿಗೂ ನೆನಪಾಗಲಿಲ್ಲ.

ಒಂಟಿಮರದ ನಂತರ ಏರು ಶುರು. ಇಲ್ಲಿ ನಾಲಿಗೆಗಳು ಸುಮ್ಮನಾದವು. ಹುಲ್ಲಿನ ನಡುವೆ ಒಬ್ಬರೇ ಹೋಗುವಷ್ಟು ದಾರಿ, ಮಳೆಗೆ ಕೊರೆದು ಕಾಲುವೆಯಾಗಿದೆ. ಕೆಸರಿನಲ್ಲಿ ಎರಡು ಹೆಜ್ಜೆ ಹೋದರೆ ಒಂದು ಹೆಜ್ಜೆ ಜಾರುತ್ತಿತ್ತು. ಬದಿಯಲ್ಲಿ ಹುಲ್ಲು ತುಳಿದು ಹೋಗೋಣವೆಂದರೆ ಬಯೋಸೈನ್ಸಿನವಳು ಬಿಡಳು. ಎಲ್ಲರೂ ಹೀಗೇ ಬದಿಗೆ ಸರಿದು ಸರಿದು ಒಂದು ದಾರಿ ನಾಲ್ಕಾಗಿದ್ದನ್ನು ತೋರಿಸಿದಳು. ಒದ್ದೆ ಬಂಡೆಯ ಪಕ್ಕ ಬಗ್ಗಿ ಕೆಂಪು ರೋಮದ ಪುಟ್ಟ ಗಿಡವೊಂದನ್ನೂ ತೋರಿಸಿದಳು. ಡ್ರೊಸೆರಾ, ಕೀಟ ಹಿಡಿದು ತಿನ್ನುವ ಗಿಡ. ಎಲೆಯ ಅಂಟಿಗೆ ಸಣ್ಣ ನೊಣ ಸಿಕ್ಕಿತ್ತು. ಇಂಥ ತೆಳು ಮಣ್ಣಿನಲ್ಲಿ ಸಾರಜನಕ ಸಾಲದು, ಅದಕ್ಕೆ ಈ ಉಪಾಯ. ನಾನು ಅದೇ ಬಂಡೆಯಲ್ಲಿ ಕಬ್ಬಿಣದ ಪದರ ಹುಡುಕುತ್ತಿದ್ದೆ. ಗಿಡ ಕಾಲ ಬುಡದಲ್ಲೇ ಇದ್ದರೂ ನನಗೆ ಕಂಡಿರಲಿಲ್ಲ.

ಅರ್ಧ ಏರಿನಲ್ಲಿ ಎರಡು ತೊಂದರೆ ಒಟ್ಟಿಗೇ ಬಂದವು. ಭೌತಶಾಸ್ತ್ರದವನ ಶೂ ತಳ ಬಾಯಿ ಬಿಟ್ಟಿತು. ಅಂಟಿನಿಂದ ಹಚ್ಚಿದ ತಳ, ನೀರು ಕುಡಿದು ಕಳಚಿ ಬಂತು. ಗೈಡ್ ಅಣ್ಣ ಜೇಬಿನಿಂದ ಸುತಳಿ ತೆಗೆದು ಎರಡು ಸುತ್ತು ಕಟ್ಟಿ, "ಇನ್ನು ಮನೆ ತನಕ ಬರ್ತದೆ" ಎಂದರು. ಬಂತು ಕೂಡ. ಇನ್ನೊಂದು ಅಷ್ಟು ಸುಲಭದ್ದಲ್ಲ. ಕನ್ನಡ ವಿಭಾಗದ ಹುಡುಗಿಯೊಬ್ಬಳಿಗೆ ಮೀನಖಂಡ ಹಿಡಿದುಕೊಂಡಿತು. ಉಪ್ಪು ಸಕ್ಕರೆ ನೀರು ಕೊಟ್ಟು, ಕಾಲು ತಿಕ್ಕಿ, ಸ್ವಲ್ಪ ಹೊತ್ತು ಕಾದೆವು. ಹತ್ತು ಹೆಜ್ಜೆ ಇಟ್ಟರೆ ಮತ್ತೆ ಹಿಡಿಯುತ್ತಿತ್ತು.

ಇಂಥ ಹೊತ್ತಿನಲ್ಲಿ ಗುಂಪಿನವರು ಮಾಡುವ ದೊಡ್ಡ ಅನ್ಯಾಯ ಹುರಿದುಂಬಿಸುವುದು. "ಬಾ ಬಾ, ಇನ್ನು ಸ್ವಲ್ಪವೇ" ಎಂದು ಎಳೆದುಕೊಂಡು ಹೋಗುತ್ತಾರೆ. ಹತ್ತಿದವರು ಇಳಿಯಲೂ ಬೇಕಲ್ಲ! ಇಳಿಯುವಾಗಲೇ ಕಾಲಿಗೆ ಜಾಸ್ತಿ ಪೆಟ್ಟು. ಮೇಡಂ ಅವಳನ್ನು ಕೇಳಿದರು, "ನಿಂಗೆ ಏನನ್ನಿಸ್ತದೆ, ಹೇಳು." ಅವಳು, "ಸಾಕು ಮೇಡಂ" ಎಂದಳು. ಮೇಡಂ ಆಗಲೇ ಬ್ಯಾಗ್ ಇಳಿಸಿ ಕಲ್ಲಿನ ಮೇಲೆ ಕೂತರು. ಕೆಳಗಿನಿಂದ ಇನ್ನೊಂದು ಗುಂಪಿನ ಗೈಡ್ ಬರುವವರಿದ್ದರು, ಅವರಿಗೂ ಹೇಳಿ ವ್ಯವಸ್ಥೆಯಾಯಿತು. ಮೇಡಂ ಹೀಗೆ ಅರ್ಧಕ್ಕೆ ಕೂತದ್ದು ನಮಗೆ ಬೇಜಾರು, ಅವರಿಗೆ ಸ್ವಲ್ಪವೂ ಇಲ್ಲ. "ನಾನು ಮೊದಲೇ ನೋಡಿದ್ದೇನೆ, ನೀವು ಹೋಗಿ" ಎಂದರು. ಅವರು ಹಿಂದೆ ಯಾವತ್ತೂ ಕುದುರೆಮುಖಕ್ಕೆ ಬಂದಿರಲಿಲ್ಲ ಎಂದು ಆಮೇಲೆ ಗೊತ್ತಾಯಿತು.

ಮೇಲೆ ಹೋದ ಹಾಗೆ ಮಂಜು. ಗೈಡ್ ಅಣ್ಣನ ಕೆಂಪು ಟೊಪ್ಪಿ ಕಾಣುತ್ತದೆ, ಮಾಯವಾಗುತ್ತದೆ. ತುದಿಗೆ ಸ್ವಲ್ಪ ಮೊದಲು ಹಳೆಯ ಚರ್ಚಿನ ಕಲ್ಲುಗೋಡೆಗಳಿವೆ. ಚಾವಣಿ ಇಲ್ಲ, ಪಾಚಿ ಹತ್ತಿದ ಗೋಡೆ ಮಾತ್ರ. ಈ ಎತ್ತರಕ್ಕೆ ಬಂದು ಕಲ್ಲು ಹೊತ್ತು ಕಟ್ಟಿದವರ ಬಗ್ಗೆ ಕನ್ನಡದವನು ಹತ್ತು ಪ್ರಶ್ನೆ ಕೇಳಿದ. ಅಷ್ಟರಲ್ಲಿ ಹತ್ತಿರದ ತೊರೆಯಲ್ಲಿ ನಾವೆಲ್ಲ ಬಾಟಲಿ ತುಂಬಿಸಿಕೊಂಡೆವು. ಹಲ್ಲು ಜುಮ್ಮೆನ್ನುವಷ್ಟು ತಣ್ಣಗಿತ್ತು.

ತುದಿ ಸುಮಾರು 1,890 ಮೀಟರ್. ಮುಟ್ಟಿದಾಗ ಕಂಡದ್ದು ಬಿಳಿ, ಬರೀ ಬಿಳಿ. ವಿಜಯಪುರದವನು, "ಇದನ್ನ ನೋಡಾಕ ಇಷ್ಟ ಹತ್ತಿದ್ವೇನು?" ಎಂದ. ಪಲಾವ್ ತಿನ್ನುತ್ತಾ ಕಾದೆವು. ಒಮ್ಮೆ ಗಾಳಿ ಬೀಸಿ ಪಡುವಣ ಬದಿ ತೆರೆದುಕೊಂಡಿತು. ಕಾಲ ಕೆಳಗೆ ನೆಲವೇ ಇಲ್ಲ, ನೇರ ಇಳಿಜಾರು, ಕೆಳಗೆ ಬೆಳ್ತಂಗಡಿ ಕಡೆಯ ಕಪ್ಪು ಕಾಡು. ನಾವು ದಿನಾ ಇರುವ ಸೆಕೆಯ ಊರು ಆ ದಿಕ್ಕಿನಲ್ಲೇ. ಕಾಮರ್ಸಿನವನೊಬ್ಬ ಫೋನ್ ಎತ್ತಿ ಹಿಡಿದು ಸಿಗ್ನಲ್ ಸಿಕ್ಕಿತೆಂದು ಕುಣಿದ. ಎಲ್ಲರೂ ಅಮ್ಮಂದಿರಿಗೆ ಫೋನ್ ಮಾಡಲು ಸಾಲು ನಿಂತರು. ಅಷ್ಟರಲ್ಲಿ ಮಂಜು ಮತ್ತೆ ಮುಚ್ಚಿತು. ಕಡಲು ಕಾಣಲಿಲ್ಲ.

ಇಳಿಯುವಾಗ ಮಳೆ. ಅರ್ಧ ಗಂಟೆ ಸುರಿಯಿತು, ದಾರಿಯೆಲ್ಲ ಹಳ್ಳವಾಯಿತು. ಯಾರೆಲ್ಲ ಬಿದ್ದರು ಎಂದು ಹೇಳುವುದಕ್ಕಿಂತ ಯಾರು ಬೀಳಲಿಲ್ಲ ಎನ್ನುವುದು ಸುಲಭ: ಗೈಡ್ ಅಣ್ಣ. ಕೆಳಗಿನ ಹಳ್ಳದ ನೀರು ಏರುವ ಮೊದಲು ದಾಟಬೇಕೆಂದು ಅವರು ಅವಸರ ಮಾಡಿದರು. ಬೆಳಗ್ಗೆ ನಗುತ್ತಾ ದಾಟಿದ ನೀರನ್ನು ಈಗ ಹಗ್ಗ ಹಿಡಿದು ಒಬ್ಬೊಬ್ಬರಾಗಿ ದಾಟಿದೆವು. ಮುಳ್ಳೋಡಿಯಲ್ಲಿ ಮೇಡಂ, ಆ ಹುಡುಗಿ ಇಬ್ಬರೂ ಬಿಸಿ ಟೀ ಕುಡಿಯುತ್ತಾ ಕೂತಿದ್ದರು. ಹಿಂದೆ ಬರುವಾಗ ಸಿಂಗಳೀಕಗಳ ಗುಂಪನ್ನೇ ನೋಡಿದರಂತೆ! ಬೂದು ಕೇಸರ, ಸಿಂಹದ ಬಾಲ, ಮರಿ ಸಮೇತ. ತುದಿ ಮುಟ್ಟಿದ ನಮಗೆ ಒಂದೂ ಕಂಡಿರಲಿಲ್ಲ.

ರಾತ್ರಿ ಅನ್ನ ಸಾರು, ಹಪ್ಪಳ. ಒಂಬತ್ತಕ್ಕೆ ಎಲ್ಲರೂ ಮಲಗಿದ್ದರು.

ಭಾನುವಾರ

ತೊಡೆ ಬಿಗಿದು ಮೆಟ್ಟಿಲು ಇಳಿಯಲಾಗದ ಬೆಳಗು. ನೀರ್ ದೋಸೆ ತಿಂದು, ಅಕ್ಕನಿಗೆ ನಮಸ್ಕಾರ ಹೇಳಿ ಕಳಸಕ್ಕೆ ಹೋದೆವು. ಕಳಸೇಶ್ವರನ ಗುಡಿಯ ಮೆಟ್ಟಿಲನ್ನೂ ಕೆಲವರು ಅಡ್ಡಡ್ಡ ನಡೆದು ಹತ್ತಿದರು.

ಆಮೇಲೆ ಅಂಬಾತೀರ್ಥ. ಭದ್ರೆ ಇಲ್ಲಿ ಬಂಡೆಗಳ ನಡುವೆ ಇಕ್ಕಟ್ಟಾಗಿ ಹರಿಯುತ್ತಾಳೆ. ಒಂದು ಭಾರಿ ಬಂಡೆಯನ್ನು ಮಧ್ವಾಚಾರ್ಯರು ಒಂದೇ ಕೈಯಲ್ಲಿ ತಂದಿಟ್ಟರೆಂದು ಹೇಳುತ್ತಾರೆ, ಬಂಡೆಯ ಮೇಲೆ ಹಾಗೆಂದು ಬರಹವೂ ಇದೆ. ಭೌತಶಾಸ್ತ್ರದವನು ತೂಕದ ಲೆಕ್ಕ ಹಾಕಲು ಅಳತೆ ತೆಗೆಯತೊಡಗಿದ. ಕನ್ನಡದವನು ಬರಹದ ಅಕ್ಷರ ಓದತೊಡಗಿದ. ನಾನು ನೀರು ಕೊರೆದ ಕಲ್ಲಿನ ಗುಳಿಗಳನ್ನು ನೋಡಿದೆ. ಸುಳಿಗೆ ಸಿಕ್ಕ ಸಣ್ಣ ಕಲ್ಲು ಒಂದೇ ಕಡೆ ತಿರುಗಿ ತಿರುಗಿ ಬಂಡೆಯಲ್ಲಿ ಅಂಥ ಗುಳಿ ಮಾಡುತ್ತದೆ. ನೀರಿಗಿಳಿಯಬೇಡಿ ಎಂದು ಮೇಡಂ ಕೂಗಿದರು. ಸೆಳೆತ ಜಾಸ್ತಿ ಇತ್ತು.

ಹೊರನಾಡಿನಲ್ಲಿ ನವರಾತ್ರಿಯ ಜನ. ದರ್ಶನದ ಸಾಲು ಉದ್ದ, ಊಟದ ಸಾಲು ಅದಕ್ಕಿಂತ ಉದ್ದ. ಅನ್ನಪೂರ್ಣೇಶ್ವರಿಯ ಊಟಕ್ಕೆ ಕಾದದ್ದಕ್ಕೆ ಯಾರೂ ಗೊಣಗಲಿಲ್ಲ. ಪಾಯಸ ಎರಡನೇ ಸಲ ಬಂತು.

ವಾಪಸ್ ಹೊರಟಾಗ ಗಾಡಿಯಲ್ಲಿ ಲೆಕ್ಕ ಶುರುವಾಯಿತು. ಕಾಮರ್ಸಿನವರು ಗಾಡಿ, ಜೀಪು, ಗೈಡ್, ಊಟ ಎಲ್ಲ ಕೂಡಿಸಿ ತಲೆಗೆ ನಲವತ್ತು ರೂಪಾಯಿ ಉಳಿದಿದೆ ಎಂದರು. ವಾಪಸ್ ಕೊಡಬೇಕೋ, ಮುಂದಿನದಕ್ಕೆ ಇಡಬೇಕೋ ಎಂಬ ಚರ್ಚೆ ಮಾಳ ಘಾಟಿ ಇಳಿದರೂ ಮುಗಿಯಲಿಲ್ಲ. ಈ ಸಲ ವಾಂತಿ ಯಾರಿಗೂ ಬರಲಿಲ್ಲ, ಜಗಳದಲ್ಲಿ ಮರೆತಿರಬೇಕು.

"ಮುಂದಿನ ಸಲ ನಮ್ಮ ಕಡೆ ಬರ್ರಿ. ಬಾದಾಮಿ ಗುಡ್ಡ ತೋರಸ್ತೀನಿ, ಉಂಬಳ ಇಲ್ಲ, ಮಂಜ ಇಲ್ಲ, ಎಲ್ಲಾ ಸ್ವಚ್ಛ ಕಾಣತೈತಿ" ಎಂದ ವಿಜಯಪುರದವನು. ನನಗೆ ಕೆಂಪು ಮರಳುಗಲ್ಲು ನೋಡುವ ಆಸೆ, ಕನ್ನಡದವನಿಗೆ ಕಪ್ಪೆ ಅರಭಟ್ಟನ ಶಾಸನ, ಬಯೋಸೈನ್ಸಿನವಳಿಗೆ ಕುರುಚಲು ಕಾಡು. ಮಂಗಳೂರಿನಿಂದ ವಿಜಯಪುರಕ್ಕೆ ಹೋಗುವ ರೈಲು ಬಾದಾಮಿ ಮೇಲೆಯೇ ಹೋಗುತ್ತದೆ. ಡಿಸೆಂಬರ್ ಎಂದಾಯಿತು. ನಲವತ್ತು ರೂಪಾಯಿ ಅದಕ್ಕೇ ಇರಲಿ ಎಂದು ಬಜಗೋಳಿಯಲ್ಲಿ ಟೀ ಕುಡಿಯುವಾಗ ಒಪ್ಪಿದೆವು. ಆ ಟೀಯ ದುಡ್ಡನ್ನು ಮೇಡಂ ಕೊಟ್ಟರು.